ಇಂದ ಎಡಗಡೆ, ಗೆ ಬಲಗಡೆ

ಅವಳನ್ನು ನೋಡುವುದಕ್ಕೆ ಮೊದಲು ಅವಳ ಬೈಗುಳ ಕೇಳಿದೆ.

"ಸ್ಟ್ಯಾಂಪು ನಂದು, ಮುದ್ರೆ ನಿಮ್ಮದು, ಎಲ್ಲಾ ಸರಿ. ಆದ್ರೆ ಕಾಗದ ತಂದು ಹಾಕೋದು ನನ್ನ ಬಾಗಿಲಿಗೇನಾ? ನನಗೆ ನಾನೇ ಕಾಗದ ಬರ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?"

ಕೌಂಟರಿನ ಗಾಜಿನಾಚೆಯಿಂದ ಕನ್ನಡ! ಈ ಪರದೇಶದ ಅಂಚೆ ಕಚೇರಿಯಲ್ಲಿ ನಾನು ಅಷ್ಟು ವರ್ಷ ದುಡಿದಿದ್ದರೂ ನನ್ನ ಭಾಷೆಯಲ್ಲಿ ಯಾರೂ ಜಗಳವಾಡಿರಲಿಲ್ಲ. ಕೈಯಲ್ಲಿದ್ದ ಲಕೋಟೆ ಹಾಗೇ ನಿಂತಿತು.

ನಾನಿದ್ದದ್ದು ಹಿಂದಿನ ಕೋಣೆಯಲ್ಲಿ. ವಿಂಗಡಿಸುವ ಯಂತ್ರ ಓದಲಾರದೆ ಕೈಬಿಟ್ಟ ಕಾಗದಗಳು ಅಲ್ಲಿಗೆ ಬರುತ್ತವೆ. ನೀರು ಬಿದ್ದು ಶಾಯಿ ಹರಡಿದವು, ಬೀದಿಯ ಹೆಸರು ತಪ್ಪಿದವು, ಕೋಳಿ ಕೆದರಿದಂಥ ಅಕ್ಷರದವು. ಅವನ್ನು ಕಣ್ಣಿನಿಂದ ಓದಿ, ಸರಿಯಾದ ವಿಳಾಸ ಪತ್ತೆಮಾಡಿ, ಮತ್ತೆ ದಾರಿಗೆ ಹಚ್ಚುವುದು ನನ್ನ ಕೆಲಸ. ಭೌತಶಾಸ್ತ್ರ ಓದಿಕೊಂಡು ಬಂದವನು ಆ ಕುರ್ಚಿಯಲ್ಲಿ ಹೇಗೆ ಕೂತೆ ಎಂಬುದು ಬೇರೆ ಕಥೆ. ಕೂತ ಮೇಲೆ ಏಳುವ ಮನಸ್ಸಾಗಲಿಲ್ಲ. ಕಾಯಿಲೆ ಬಿದ್ದ ಲಕೋಟೆಗಳನ್ನು ನೋಡುತ್ತೇನೆಂದು ಜೊತೆಯವರು ನನ್ನನ್ನು ಡಾಕ್ಟರ್ ಎನ್ನುತ್ತಿದ್ದರು.

ಕೌಂಟರಿನಲ್ಲಿ ಕೂರುವ ಹಿರಿಯಾಕೆ ಬಾಗಿಲಿಂದ ತಲೆ ಹಾಕಿದರು. "ಡಾಕ್ಟರ್, ಒಬ್ಬ ರೋಗಿ ಬಂದಿದ್ದಾಳೆ. ನಿಮ್ಮ ಭಾಷೆಯವಳೇ ಇರಬೇಕು. ಜ್ವರ ತುಂಬಾ ಇದೆ."

ಹೋದೆ. ಕಂದು ಏಪ್ರನ್ ಹಾಕಿಕೊಂಡ ಹುಡುಗಿ, ಕೈಯಲ್ಲಿ ತಲೆಗೂದಲಿಗೆ ಹಾಕುವ ರಬ್ಬರ್ ಬ್ಯಾಂಡ್ ಬಿಗಿದ ಕಾಗದಗಳ ಕಟ್ಟು. ಒಂದು ಹುಬ್ಬಿನ ಮೇಲೆ ಮಾತ್ರ ಬಿಳಿ ಪುಡಿ ಕೂತಿತ್ತು. ಸಿಟ್ಟಿಗೆ ಆ ಹುಬ್ಬು ಮೇಲೇರಿದಾಗಲೆಲ್ಲ ಪುಡಿ ಸ್ವಲ್ಪ ಉದುರುತ್ತಿತ್ತು.

"ಏನಾಯ್ತು, ಹೇಳಿ," ಎಂದೆ.

ಅವಳ ಬಾಯಿ ತೆರೆದದ್ದು ಹಾಗೇ ಉಳಿಯಿತು. "ನೀವು... ಕನ್ನಡದವರಾ?"

"ಬೈದಿದ್ದೆಲ್ಲ ಅರ್ಥ ಆಯ್ತು."

"ಅಷ್ಟೂನಾ?"

"ಮೊದಲಿಂದು ಸ್ವಲ್ಪ ತಪ್ಪಿಹೋಯ್ತು. ಒಳಗಡೆ ಯಂತ್ರದ ಸದ್ದು."

"ಪುಣ್ಯ," ಎಂದಳು. "ಮೊದಲಿಂದೇ ಕೆಟ್ಟದಾಗಿತ್ತು."

ಹೇಳುವಾಗ ಅವಳು ನನ್ನ ಕಣ್ಣು ನೋಡಲಿಲ್ಲ, ಬಾಯಿ ನೋಡಿದಳು. ನನ್ನ ಮುಂದಿನ ಹಲ್ಲೊಂದರ ಮೂಲೆ ಮುರಿದಿದೆ. ನಾನು ತುಟಿ ಮುಚ್ಚಿಕೊಂಡೆ.

"ಅಂಚೆಯಣ್ಣಾ, ನೀವೇ ನೋಡಿ ಹೇಳಿ. ಮೊದಲನೇದು ವಾಪಸ್ ಬಂದಾಗ ಸ್ಟ್ಯಾಂಪ್ ಸಾಲ್ಲಿಲ್ಲ ಅಂದ್ಕೊಂಡೆ. ಇನ್ನೊಂದು ಅಂಟಿಸ್ದೆ. ಆಮೇಲೆ ಲಕೋಟೆ ಬದಲಾಯಿಸ್ದೆ. ಶಾಯಿ ಬದಲಾಯಿಸ್ದೆ. ಡಬ್ಬಿ ಬದಲಾಯಿಸ್ದೆ. ಬೇರೆ ಬೀದಿಗೆ ಹೋಗಿ ಹಾಕಿ ಬಂದೆ. ಎಲ್ಲಾ ಬಂದು ನನ್ನ ಬಾಗಿಲ ಕೆಳಗೇ ಬೀಳ್ತವೆ."

ಕಟ್ಟು ಬಿಚ್ಚಿದೆ. ಎಂಥ ಅಕ್ಷರ! ಗೆರೆ ಹಾಕಿ ಬರೆದಂತೆ. ಬಲಗಡೆ 'ಗೆ' ಎಂದು ಬರೆದು, ಅದರ ಕೆಳಗೆ ಎಲ್ಲರೂ ಓದಬಲ್ಲ ಇಂಗ್ಲಿಷಿನಲ್ಲಿ ನಮ್ಮ ದೇಶದ ವಿಳಾಸ. ಎಡಗಡೆ, ಕೆಳಮೂಲೆಯಲ್ಲಿ, 'ಇಂದ' ಎಂದು ದಪ್ಪಗೆ ಬರೆದು ಅವಳ ವಿಳಾಸ. ನೋಡಿದ ಕೂಡಲೇ ನಗು ಬಂತು. ಮುರಿದ ಹಲ್ಲು ಮರೆತು ನಕ್ಕುಬಿಟ್ಟೆ.

"ನಗೋ ಅಂಥದ್ದೇನಿದೆ?"

"ಇದನ್ನ ಕಲಿಸಿದ್ದು ಯಾರು?"

"ನಮ್ಮ ಮೇಷ್ಟ್ರು. ಕೈ ಮೇಲೆ ಬೆತ್ತದಲ್ಲಿ ಬಾರಿಸಿ ಕಲಿಸಿದ್ದು. ಇಂದ ಎಡಗಡೆ, ಗೆ ಬಲಗಡೆ."

"ನಮ್ಮ ಮೇಷ್ಟ್ರೂ ಅದೇ ಕಲಿಸಿದ್ದು. ಆದ್ರೆ ಇಲ್ಲಿನ ಯಂತ್ರಕ್ಕೆ ಮೇಷ್ಟ್ರಿಲ್ಲ. ಅದಕ್ಕೊಂದು ಕಣ್ಣಿದೆ, ಅದು ಲಕೋಟೇನ ಕೆಳಗಿಂದ ನೋಡ್ತಾ ಬರುತ್ತೆ. ಎಲ್ಲಕ್ಕಿಂತ ಕೆಳಗೆ ಯಾವ ವಿಳಾಸ ಸಿಗುತ್ತೋ ಅಲ್ಲಿಗೇ ಕಳಿಸಿಬಿಡುತ್ತೆ."

"ಇಂದ ಅಂತ ಬರ್ದಿದೀನಲ್ಲ, ಇಷ್ಟು ದಪ್ಪಗೆ!"

"ಅದಕ್ಕೆ ಕನ್ನಡ ಬರಲ್ಲ."

"ನಿಮಗೆ ಬರುತ್ತಲ್ಲ?"

"ಬರುತ್ತೆ. ಆದ್ರೆ ಯಂತ್ರ ಸೋತ ಕಾಗದ ಮಾತ್ರ ನನ್ನ ಹತ್ರ ಬರೋದು. ನಿಮ್ಮ ಅಕ್ಷರ ನೋಡಿದ್ರೆ ಅದು ಸೋಲೋ ಮಾತೇ ಇಲ್ಲ. ಅಕ್ಷರ ಕೆಟ್ಟದಾಗಿದ್ದಿದ್ರೆ ನೀವು ಯಾವತ್ತೋ ನನ್ನ ಮೇಜಿಗೆ ಬಂದಿರ್ತಿದ್ರಿ."

'ನೀವು' ಎಂದು ಬಾಯಿ ತಪ್ಪಿ ಬಂದಿತ್ತು. ನಿಮ್ಮ ಕಾಗದ ಎನ್ನಬೇಕಿತ್ತು. ಅವಳು ಗಮನಿಸಿದಳೋ ಇಲ್ಲವೋ, ಪುಡಿ ಕೂತ ಹುಬ್ಬು ಮಾತ್ರ ಒಂದು ಕ್ಷಣ ಮೇಲೇರಿ ಇಳಿಯಿತು.

"ಯಾರಿಗೆ ಇಷ್ಟೊಂದು?"

"ಭಾವನಿಗೆ." ದನಿ ಇಳಿಯಿತು. "ಅವರಿರೋದು ಸೇತುವೆ ಕಟ್ಟೋ ಕ್ಯಾಂಪಲ್ಲಿ. ಫೋನಿಲ್ಲ, ಏನಿಲ್ಲ. ವಾರಕ್ಕೊಂದು ಸಲ ಜೀಪು ಬರುತ್ತೆ, ಸಾಮಾನಿನ ಜೊತೆ ಟಪ್ಪಾಲು ತರುತ್ತೆ. ಹೋಗಿ ರೂಮು ಸಿಕ್ಕಿದ ಕೂಡ್ಲೇ ಬರೀತೀನಿ ಅಂತ ಹೇಳಿ ಬಂದೋಳು ನಾನು. ಒಂದೂ ಸಿಕ್ಕಿಲ್ಲ ಅವರಿಗೆ. ನಾನೆಲ್ಲಿದೀನಿ, ಇದೀನೋ ಇಲ್ವೋ ಅಂತಾನೂ ಗೊತ್ತಿಲ್ಲ. ನನ್ನ ಓದಿಸಿದ್ದೇ ಅವರು."

ನಮ್ಮ ಮನೆಯಲ್ಲಿ ಭಾವ ಎಂದರೆ ಅಕ್ಕನ ಗಂಡ, ಬೇರೆ ಅರ್ಥವೇ ಇಲ್ಲ. ನನಗೂ ಒಬ್ಬ ಭಾವ ಇದ್ದಾನೆ. ಅವನು ನನ್ನನ್ನು ಓದಿಸುವುದಿರಲಿ, ನನ್ನ ಸೈಕಲ್ ತೆಗೆದುಕೊಂಡು ಹೋಗಿ ಇನ್ನೂ ವಾಪಸ್ ಕೊಟ್ಟಿಲ್ಲ. ಇವಳ ಅಕ್ಕ ಅದೃಷ್ಟವಂತೆ ಎಂದುಕೊಂಡೆ.

*

ಅವಳು ಪಕ್ಕದ ಬೀದಿಯಲ್ಲಿ ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಬಂದು ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕೂತು ಹಳೆಯ ಕಾಗದಗಳನ್ನೆಲ್ಲ ಹೊಸ ಲಕೋಟೆಗೆ ಹಾಕಿದಳು. ನಾನು ಹೇಳಿಕೊಟ್ಟೆ. ಇಂದ ಲಕೋಟೆಯ ಹಿಂದೆ, ಮುಚ್ಚಳದ ಮೇಲೆ. ಗೆ ಮುಂದೆ, ನಡುವಿಗೆ. ದೇಶದ ಹೆಸರು ಕೊನೆಯ ಸಾಲಿನಲ್ಲಿ, ದೊಡ್ಡ ಅಕ್ಷರದಲ್ಲಿ. ಅದರ ಕೆಳಗೆ ಏನೂ ಬರೆಯಬಾರದು, ಅದು ಯಂತ್ರದ ಜಾಗ. ಪಿನ್ ಹೊಡೆಯಬಾರದು, ರೋಲರಿಗೆ ಸಿಕ್ಕಿ ಹರಿಯುತ್ತದೆ. ವಿಮಾನದ ನೀಲಿ ಚೀಟಿ ಎಡಗಡೆ ಮೇಲೆ.

"ಹಿಂದೆ ಇಂದ ಬರೀದೇ ಇದ್ರೆ?" ಎಂದು ಕೇಳಿದಳು.

"ತಲುಪಿದ್ರೆ ಸರಿ. ತಲುಪದೇ ಇದ್ರೆ ವಾಪಸ್ ಬರೋಕೆ ಅದಕ್ಕೆ ಜಾಗ ಇರಲ್ಲ."

"ಪಾಪ," ಎಂದಳು, ಯಾವುದೋ ನಾಯಿಮರಿಯ ಬಗ್ಗೆ ಹೇಳಿದಂತೆ.

ಆಮೇಲೆ ವಾರವಾರವೂ ಬರತೊಡಗಿದಳು. ಕಾಗದ ಹಾಕುವುದಕ್ಕೆ ಡಬ್ಬಿ ಸಾಕು, ನನ್ನವರೆಗೆ ಬರಬೇಕಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಕೌಂಟರಿನ ಹಿರಿಯಾಕೆಗಂತೂ ಎಲ್ಲರಿಗಿಂತ ಮೊದಲು ಗೊತ್ತಾಗಿತ್ತು. "ಡಾಕ್ಟರ್, ನಿಮ್ಮ ಖಾಯಂ ರೋಗಿ" ಎಂದು ಕೂಗಿ, ತಾವು ಟೀ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದರು.

"ನೀವ್ಯಾಕೆ ಯಾವಾಗ್ಲೂ ನನ್ನ ಬಾಯೇ ನೋಡೋದು?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಅಭ್ಯಾಸ. ಜನ ಮುಖ ನೋಡ್ತಾರೆ, ನಾನು ಹಲ್ಲಿನ ಬಣ್ಣ ನೋಡ್ತೀನಿ. ನೀವು ಎ-ಮೂರು."

"ಅದು ಪಾಸೋ ಫೇಲೋ?"

"ಟೀ ಜಾಸ್ತಿ ಕುಡಿಯೋರು ಅಂತ ಅರ್ಥ, ಅಂಚೆಯಣ್ಣ."

"ಒಂದು ಮಾತು," ಎಂದೆ. "ಆ ಅಣ್ಣ ಒಂದು ಬಿಟ್ಟುಬಿಡಿ."

"ಯಾಕೆ? ಊರಲ್ಲೆಲ್ಲ ಅಂಚೆಯವರನ್ನ ಹಾಗೇ ಅನ್ನೋದು."

"ಊರಲ್ಲಿ ಅನ್ನಲಿ."

ಅವಳು ಏನನ್ನೋ ಅಳೆಯುವವಳಂತೆ ತಲೆ ಓರೆಮಾಡಿ ನನ್ನನ್ನು ನೋಡಿದಳು. ಆ ಸಲ ಹಲ್ಲು ನೋಡಲಿಲ್ಲ. ಹೋಗುವಾಗ ಬಾಗಿಲಲ್ಲಿ ತಿರುಗಿ, "ಬರ್ತೀನಿ, ಅಂಚೆಯವರೇ," ಎಂದಳು. ಮಧ್ಯಾಹ್ನವೆಲ್ಲ ನಾನು ಯಾವ ವಿಳಾಸವನ್ನೂ ಸರಿಯಾಗಿ ಓದಲಿಲ್ಲ.

*

ಒಂದು ಶನಿವಾರ ತನ್ನ ಲ್ಯಾಬ್ ತೋರಿಸುತ್ತೇನೆಂದು ಕರೆದಳು. ಉದ್ದನೆಯ ಕೋಣೆ, ಸಾಲಾಗಿ ಬಗ್ಗಿಸಿದ ದೀಪಗಳು, ಬಿಸಿ ಮೇಣದ ವಾಸನೆ. ಕಪಾಟಿನ ತುಂಬ ಬಿಳಿ ಗಚ್ಚಿನ ದವಡೆಗಳು. ಯಾವುದಕ್ಕೂ ಮುಖವಿಲ್ಲ, ಆದರೂ ಎಲ್ಲವೂ ನಗುತ್ತಿದ್ದಂತೆ ಕಾಣುತ್ತಿದ್ದವು.

"ಇವರೆಲ್ಲ ನಮ್ಮ ನೆಂಟರು," ಎಂದಳು. "ಇವರು ಒಬ್ಬ ಜಡ್ಜ್. ನಿದ್ದೇಲಿ ಹಲ್ಲು ಕಡೀತಾರೆ. ಇವಳು ಹಾಡುಗಾರ್ತಿ, ಸ ಅಂದ್ರೆ ಸೀಟಿ ಬರ್ತಿತ್ತು, ಸರಿ ಮಾಡಿದೀನಿ. ಕೂತ್ಕೊಳ್ಳಿ, ನಿಮ್ಮದೂ ಒಂದು ಅಚ್ಚು ತೆಗೀತೀನಿ."

"ನನಗ್ಯಾಕೆ? ನನ್ನ ಹಲ್ಲೆಲ್ಲ ಇವೆಯಲ್ಲ."

"ಮುರಿದ ಮೂಲೆ ಇದೆಯಲ್ಲ. ಕೂತ್ಕೊಳ್ಳಿ ಅಂದ್ರೆ."

ಗುಲಾಬಿ ಬಣ್ಣದ ಹಿಟ್ಟು ಕಲಸಿ, ಅಚ್ಚಿನ ತಟ್ಟೆಗೆ ತುಂಬಿ, ನನ್ನ ಬಾಯಿಗಿಟ್ಟು ಒತ್ತಿ ಹಿಡಿದಳು. ಅವಳ ಎರಡು ಬೆರಳು ನನ್ನ ಕೆನ್ನೆಯ ಮೇಲೆ. ತಣ್ಣಗಿದ್ದವು. ಅಷ್ಟು ಹತ್ತಿರದಿಂದ ನೋಡಿದರೆ ಅವಳ ಹುಬ್ಬಿನ ಪುಡಿಯೊಳಗೆ ಒಂದು ಸಣ್ಣ ಮಚ್ಚೆ ಇತ್ತು. ಇಷ್ಟು ದಿನ ಕಂಡಿರಲಿಲ್ಲ.

"ಗಟ್ಟಿ ಆಗೋ ತನಕ ಮಾತಾಡೋ ಹಾಗಿಲ್ಲ," ಎಂದಳು. "ಈಗ ನಾನು ಕೇಳ್ತೀನಿ. ಒಂದು ಊಂ ಅಂದ್ರೆ ಹೌದು, ಎರಡು ಊಂ ಅಂದ್ರೆ ಇಲ್ಲ. ರಜೆ ದಿನ ಒಬ್ರೇ ಇರ್ತೀರಾ?"

"ಊಂ."

"ಬೇಜಾರಾಗಲ್ವಾ?"

"ಊಂ. ಊಂ."

"ಸುಳ್ಳು." ಬೆರಳು ಇನ್ನಷ್ಟು ಒತ್ತಿತು. "ನಾನು ಕಾಗದ ಹಾಕೋಕೆ ಬರದೇ ಇದ್ರೆ?"

ಇದಕ್ಕೆ ಊಂ ಸಾಲುವುದಿಲ್ಲ. ನಾನು ಸುಮ್ಮನೆ ಅವಳನ್ನು ನೋಡಿದೆ. ಅವಳೂ ನೋಡಿದಳು. ಹಿಟ್ಟು ಯಾವಾಗಲೋ ಗಟ್ಟಿಯಾಗಿತ್ತು. ಇಬ್ಬರಿಗೂ ಅದನ್ನು ತೆಗೆಯುವ ನೆನಪಾಗಲಿಲ್ಲ.

ಆಮೇಲೆ ಅವಳು ಅಚ್ಚಿಗೆ ಗಚ್ಚು ಸುರಿದು, ಬಡಿದು, ಗಾಳಿಗುಳ್ಳೆ ಹೋಗಿಸಿ, ಕಪಾಟಿನಲ್ಲಿ ಜಡ್ಜ್‌ನ ಪಕ್ಕ ಇಟ್ಟಳು. ನಾನು ಮನೆಗೆ ನಡೆದುಕೊಂಡು ಹೋದೆ. ಬಾಯಲ್ಲಿ ಆ ಹಿಟ್ಟಿನ ಪುದೀನದ ರುಚಿ ಬಹಳ ಹೊತ್ತು ಇತ್ತು. ಮುಂದಿನ ವಾರ ಹೇಳಿಬಿಡಬೇಕು ಎಂದುಕೊಂಡೆ. ಹೇಗೆ ಹೇಳುವುದೆಂದು ಲೆಕ್ಕ ಬಿಡಿಸುವ ಹಾಗೆ ಹಂತಹಂತವಾಗಿ ಯೋಚಿಸಿಟ್ಟುಕೊಂಡೆ.

*

ಮುಂದಿನ ವಾರ ಅವಳು ಓಡಿಬಂದಳು. ಏಪ್ರನ್ ಬಿಚ್ಚಿರಲಿಲ್ಲ. ಕೈಯಲ್ಲಿ ನಮ್ಮ ದೇಶದ ಸ್ಟ್ಯಾಂಪಿನ ಲಕೋಟೆ.

"ತಲುಪಿದೆ! ಎಲ್ಲಾ ತಲುಪಿದೆ, ಒಟ್ಟಿಗೆ! ಅಂಚೆಯವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು. ಹಲ್ಲು ಹಾಳಾದ್ರೆ ನಾನಿದೀನಿ."

ನನಗೂ ಕಣ್ಣು ತುಂಬಿತು. ಕಾಗದ ತಲುಪಿತೆಂಬ ಸುದ್ದಿ ಹಿಂದಿನ ಕೋಣೆಯವರೆಗೆ ಬರುವುದೇ ಇಲ್ಲ. ನಾವು ದಾರಿಗೆ ಹಚ್ಚುತ್ತೇವೆ, ಅಷ್ಟೇ.

"ಕೇಳಿ, ಏನು ಬರ್ದಿದಾರೆ ಅಂತ," ಎಂದು ಬೆಂಚಿನ ಮೇಲೆ ಕೂತು ಓದಿದಳು. "'ನಿನ್ನ ಕಾಗದ ಬರದಿದ್ದ ವಾರಗಳಲ್ಲೆಲ್ಲ ಜೀಪಿನವನನ್ನು ಬೈದೆ. ಎಲ್ಲಿ ಬೀಳಿಸಿಕೊಂಡು ಬಂದೆ, ಸೀಟಿನ ಕೆಳಗೆ ನೋಡು ಎಂದೆ. ನಿನ್ನನ್ನು ಒಂದು ದಿನವೂ ಬೈಯಲಿಲ್ಲ. ನೀನು ಬರೆದೇ ಇರುತ್ತೀಯೆಂದು ಗೊತ್ತಿತ್ತು.'"

ಎಂಥ ಮನುಷ್ಯ ಎಂದುಕೊಂಡೆ. "ಒಳ್ಳೆ ಭಾವ ಸಿಕ್ಕಿದಾರೆ ನಿಮಗೆ. ಬರೀವಾಗ ಅಕ್ಕನಿಗೂ ನನ್ನ ನಮಸ್ಕಾರ ತಿಳಿಸಿ."

"ಯಾವ ಅಕ್ಕ?"

"ನಿಮ್ಮಕ್ಕ. ಭಾವನ ಹೆಂಡತಿ."

ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. "ನನಗೆ ಅಕ್ಕ ಎಲ್ಲಿದಾರೆ? ಭಾವ ಅಂದ್ರೆ... ಅತ್ತೆ ಮಗ."

ಗಾಜಿನಾಚೆ ಯಾರೋ ಪಾರ್ಸೆಲ್ ತೂಗುತ್ತಿದ್ದರು. ತಕ್ಕಡಿಯ ಮುಳ್ಳು ಅಲುಗಿ ನಿಲ್ಲುವವರೆಗೂ ಅದನ್ನೇ ನೋಡಿದೆ.

ಕನ್ನಡದಲ್ಲಿ ಅತ್ತೆ ಮಗ ಎಂದ ಮೇಲೆ ಇನ್ನೇನನ್ನೂ ಬಿಡಿಸಿ ಹೇಳಬೇಕಿಲ್ಲ.

"ಅತ್ತೆ ಇದ್ದಾಗಲೇ ಮಾತಾಗಿದ್ದು," ಎಂದಳು, ನೆಲ ನೋಡುತ್ತ. "ನಾನಾಗ ಚಿಕ್ಕವಳು. ನಾವು ಅವರನ್ನ ಭಾವ ಅಂತಲೇ ಕರೆಯೋದು. ನೀವು ಇಷ್ಟು ದಿನ..."

"ನಮ್ಮ ಮನೇಲಿ ಭಾವ ಅಂದ್ರೆ ಅಕ್ಕನ ಗಂಡ."

"ಅಯ್ಯೋ," ಎಂದಳು, ಬಹಳ ಮೆಲ್ಲಗೆ.

ಹಂತಹಂತವಾಗಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ನನ್ನ ಬಾಯಲ್ಲೇ ಇದ್ದವು. ಗಚ್ಚು ಸುರಿದ ಹಾಗೆ ಅಲ್ಲೇ ಗಟ್ಟಿಯಾದವು.

*

ಅವಳು ಬರುವುದು ನಿಲ್ಲಿಸಲಿಲ್ಲ. ಆದರೆ ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಈಗ ಅವಳ ಚೀಲ ಕೂರುತ್ತಿತ್ತು. ಹಿರಿಯಾಕೆ ಟೀ ಮಾಡಲು ಏಳುತ್ತಿರಲಿಲ್ಲ.

"ಸೇತುವೆಗೆ ಇನ್ನೊಂದೇ ಕಮಾನು ಬಾಕಿಯಂತೆ," ಎಂದಳು ಒಂದು ದಿನ. "ಅದು ಮುಗಿದ್ರೆ ಅವರು ಊರಿಗೆ ಬರ್ತಾರೆ. ಬರ್ತೀಯಾ ಅಂತ ಕೇಳಿದಾರೆ. ಬಲವಂತ ಇಲ್ಲ, ನಿನಗೆ ಅಲ್ಲೇ ಹಿಡಿಸಿದ್ರೆ ಹಾಗೇ ಬರಿ, ಬೇಜಾರು ಮಾಡ್ಕೊಳಲ್ಲ ಅಂತಾನೂ ಬರ್ದಿದಾರೆ."

"ಒಳ್ಳೆಯವರು."

"ಹೌದು. ಕೆಟ್ಟವರಾಗಿದ್ರೆ ನನಗೆ ಸುಲಭ ಆಗ್ತಿತ್ತು."

ನಾನೇನಾದರೂ ಹೇಳಲೆಂದು ಅವಳು ಕಾದಳು. ಏಪ್ರನ್ನಿನ ದಾರ ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ನಾನು ಬಾಯಿ ತೆರೆದೆ. ಹೊರಗೆ ಬಂದ ಮಾತು ಇದು: "ನೀಲಿ ಚೀಟಿ ಇದೆಯಾ, ಕೊಡ್ಲಾ?"

ಅವಳು ಎದ್ದು ನಿಂತಳು. "ಮಾತಾಡಿದ್ರೆ ಮುತ್ತು ಉದುರುತ್ತಾ ನಿಮಗೆ?"

ಹೋದಳು. ಹೋದ ಮೇಲೂ ಬಾಗಿಲು ಸ್ವಲ್ಪ ಹೊತ್ತು ಅಲುಗುತ್ತಲೇ ಇತ್ತು.

ನನಗೆ ಮಾತು ಬರಲಿಲ್ಲವೆಂದಲ್ಲ. ಎಲ್ಲೋ ದೂರದಲ್ಲಿ ಒಬ್ಬ ಮನುಷ್ಯ ಅವಳ ಕಾಗದಕ್ಕಾಗಿ ಜೀಪಿನ ಸೀಟಿನ ಕೆಳಗೆ ಕೈಹಾಕಿ ಹುಡುಕುತ್ತಿದ್ದ. ಅವನ ಮುಖ ನಾನು ನೋಡಿಲ್ಲ. ಆದರೆ ಆ ಕೈ ನನಗೆ ಚೆನ್ನಾಗಿ ಕಾಣುತ್ತಿತ್ತು. ಅದು ಕಾಣದೇ ಇದ್ದಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ.

*

ಮುಂದಿನ ಸಲ ಅವಳು ಕೂರಲೇ ಇಲ್ಲ. ಒಂದು ಲಕೋಟೆಯನ್ನು ಕೌಂಟರಿನ ಮೇಲೆ ಕವುಚಿ ಇಟ್ಟಳು.

"ಅವರಿಗೆ ಉತ್ತರ. ಈ ಸಲ ನೀವೇ ಹಾಕಿ."

"ಡಬ್ಬಿ ಅಲ್ಲೇ ಇದೆಯಲ್ಲ."

"ನೀವೇ ಹಾಕಿ ಅಂದೆ."

ಕಣ್ಣು ಕೆಂಪಗಿತ್ತು. ಹುಬ್ಬಿನ ಮೇಲೆ ಪುಡಿಯಿರಲಿಲ್ಲ, ಮುಖ ತೊಳೆದುಕೊಂಡು ಬಂದಿದ್ದಳು. ಮಚ್ಚೆ ಸ್ಪಷ್ಟವಾಗಿ ಕಂಡಿತು. ಅವಳು ಬೀದಿ ದಾಟುವವರೆಗೂ ನೋಡಿ, ಆಮೇಲೆ ಲಕೋಟೆಯನ್ನು ಎತ್ತಿಕೊಂಡು ಒಳಗೆ ಹೋದೆ.

ಹಿಂದೆ, ಮುಚ್ಚಳದ ಮೇಲೆ ಏನೂ ಇರಲಿಲ್ಲ. ತಿರುಗಿಸಿದೆ.

ಬಲಗಡೆ, ಗೆ. ಎಡಗಡೆ, ಕೆಳಮೂಲೆಯಲ್ಲಿ, ಇಂದ.

ಮೊದಲು ಮರೆತಿರಬೇಕು ಎಂದುಕೊಂಡೆ. ಮರೆಯುವವಳಲ್ಲ. ಆ ನಿಯಮವನ್ನು ಅವಳು ಲ್ಯಾಬಿನಲ್ಲಿ ಜೊತೆಯವರಿಗೆಲ್ಲ ಹೇಳಿಕೊಟ್ಟಿದ್ದಳು. ಒಮ್ಮೆ ನಾನೇ ಅವಸರದಲ್ಲಿ ಲಕೋಟೆಯ ಕೆಳಗಡೆ ಏನೋ ಬರೆದಾಗ, "ಅದು ಯಂತ್ರದ ಜಾಗ" ಎಂದು ಕೈಮೇಲೆ ಹೊಡೆದವಳು. ಇದು ಯೋಚಿಸಿ ಬರೆದದ್ದು. ಅಕ್ಷರ ಒಂದೂ ನಡುಗಿರಲಿಲ್ಲ.

ಒಳಗೆ ಏನು ಬರೆದಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ತಿಳಿಯುವ ಹಕ್ಕೂ ಇರಲಿಲ್ಲ. ಆದರೆ ಲಕೋಟೆಯ ಹೊರಗೆ ಬರೆದದ್ದು ನನಗೆ ಬರೆದದ್ದು. ಈ ಕಾಗದ ಹೋಗದಿರಲಿ ಎಂಬ ಆಸೆ ಅವಳಿಗಿದೆ. ಅಥವಾ ಹೋಗುತ್ತದೋ ಇಲ್ಲವೋ ಎಂಬುದನ್ನು ನಾನು ತೀರ್ಮಾನಿಸಲಿ ಎಂದಿದೆ.

ಯಂತ್ರ ನನ್ನ ಬೆನ್ನ ಹಿಂದೆಯೇ ಓಡುತ್ತಿತ್ತು. ನಾನು ಏನೂ ಮಾಡಬೇಕಿರಲಿಲ್ಲ, ಅದರ ಬಾಯಿಗೆ ಹಾಗೇ ಇಟ್ಟರೆ ಸಾಕು. ಅದರ ಕಣ್ಣು ಕೆಳಗಿನ ವಿಳಾಸ ಓದುತ್ತದೆ. ಕಾಗದ ಅವಳ ಬೀದಿಗೆ ಹೋಗಿ ಅವಳ ಬಾಗಿಲ ಕೆಳಗೆ ಬೀಳುತ್ತದೆ. ಅವಳು ಬಗ್ಗಿ ಎತ್ತಿಕೊಳ್ಳುತ್ತಾಳೆ. ಯಾರ ತಪ್ಪೂ ಅಲ್ಲ. ಯಂತ್ರದ ಗುಣ ಅದು.

ಅಲ್ಲಿ ಮಾತ್ರ ಒಬ್ಬ ಮತ್ತೆ ಜೀಪಿನವನನ್ನು ಬೈಯುತ್ತಾನೆ. ಅವಳನ್ನು ಬೈಯುವುದಿಲ್ಲ.

ಬೈಯುವ ಮನುಷ್ಯನಾಗಿದ್ದರೆ ಹಾಗೇ ಹಾಕಿಬಿಡುತ್ತಿದ್ದೆನೇನೋ. ಬರುವುದಿಲ್ಲ ಎಂದು ಅವಳು ಬರೆದಿದ್ದರೆ ಅದೂ ಅವನಿಗೆ ತಲುಪಬೇಕು. ಬರುತ್ತೇನೆ ಎಂದು ಬರೆದಿದ್ದರೆ ಅದೂ ತಲುಪಬೇಕು. ನಂಬಿ ಕಾಯುತ್ತಿರುವವನಿಗೆ ಖಾಲಿ ಜೀಪು ಕಳಿಸುವುದು ನನ್ನ ಕೈಲಾಗಲಿಲ್ಲ.

ಮೇಜಿನ ಖಾನೆಯಿಂದ ಬಿಳಿ ಚೀಟಿ ತೆಗೆದೆ. ಎಡಗಡೆಯ ಕೆಳಮೂಲೆಯ ಮೇಲೆ ಅಂಟಿಸಿದೆ. 'ಇಂದ' ಎಂಬ ಎರಡಕ್ಷರ ಮುಚ್ಚುವಾಗ ಬೆರಳು ಸ್ವಲ್ಪ ತಡೆಯಿತು. ಲಕೋಟೆ ತಿರುಗಿಸಿ, ಹಿಂದೆ, ಮುಚ್ಚಳದ ಮೇಲೆ ಅವಳ ವಿಳಾಸವನ್ನು ನನ್ನ ಕೈಯಲ್ಲಿ ಬರೆದೆ. ಮುಂದೆ ಅವಳ ಅಕ್ಷರ, ಹಿಂದೆ ನನ್ನದು. ನಾವಿಬ್ಬರೂ ಸೇರಿ ಕಳಿಸಿದ ಕಾಗದ ಅದೊಂದೇ.

ನೀಲಿ ಚೀಟಿ ಹಚ್ಚಿದೆ. ಯಂತ್ರ ಒಂದೇ ಸಲಕ್ಕೆ ಓದಿತು.

*

ಅವಳು ಮತ್ತೆ ಬಂದಾಗ ಏಪ್ರನ್ ಇರಲಿಲ್ಲ, ಮಡಿಕೆ ಬಿಡದ ಹೊಸ ಕೋಟು ಇತ್ತು. ಪ್ರಯಾಣದ ಬಟ್ಟೆಯೆಂದು ನೋಡಿದೊಡನೆ ತಿಳಿಯಿತು. ಬೆಂಚಿನ ಮೇಲೆ ಕೂತು, ಚೀಲವನ್ನು ನಡುವಿನಿಂದ ಎತ್ತಿ ಕಾಲ ಬಳಿ ಇಟ್ಟುಕೊಂಡಳು.

"ಬರ್ಲಿಲ್ಲ," ಎಂದಳು.

"ಏನು?"

"ನನ್ನ ಕಾಗದ. ದಿನಾ ಬಾಗಿಲ ಕೆಳಗೆ ನೋಡ್ತಿದ್ದೆ. ವಾಪಸ್ ಬರ್ಲಿಲ್ಲ."

"ತಲುಪಿರುತ್ತೆ."

"ತಲುಪಿದೆ. ಅವರ ಕಾಗದ ಬಂತು." ಕೋಟಿನ ಗುಂಡಿಯೊಂದನ್ನು ಬಿಚ್ಚಿ ಮತ್ತೆ ಹಾಕಿದಳು. "ಬರ್ತೀನಿ ಅಂತ ಬರ್ದಿದ್ದೆ. ವಾಪಸ್ ಬಂದ್ರೆ ಹರಿದು ಹಾಕಿ ಬೇರೆ ಬರೀಬೇಕು ಅಂದ್ಕೊಂಡಿದ್ದೆ. ಬರಲ್ಲ ಅಂತ. ನಿಜ ಏನು ಅಂತ."

ನಾನು ಅವಳ ಕಾಲ ಬಳಿಯ ಚೀಲ ನೋಡಿದೆ.

"ಹಾಗೇ ಬಿಡಬಹುದಿತ್ತು ನೀವು."

"ಬಿಡಬಹುದಿತ್ತು."

"ಮತ್ತೆ?"

"ಅಲ್ಲಿ ಪಾಪ ಆ ಜೀಪಿನವನು ಎಷ್ಟು ಅಂತ ಬೈಸ್ಕೋತಾನೆ?"

ಅವಳಿಗೆ ನಗು ಬಂತು. ನಗುವಿನ ಜೊತೆಯೇ ಅಳುವೂ ಬಂತು. ಕೋಟಿನ ತೋಳಿನಲ್ಲಿ ಒರೆಸಿಕೊಂಡಳು. "ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ಇರೋ ಹಲ್ಲೂ ಉದುರಿ ಹೋಗ್ತಿತ್ತಾ ನಿಮ್ಮದು?"

"ಉದುರಿದ್ರೆ ನೀವು ಕಟ್ಟಿಕೊಡ್ತಿದ್ರಿ." ಇಷ್ಟು ದಿನ ಕೇಳದಿದ್ದುದನ್ನು ಕೇಳಿದೆ. "ನೀವೂ ಹೇಳ್ಲಿಲ್ಲವಲ್ಲ."

"ಹೇಳಿದ್ನಲ್ಲ," ಎಂದಳು. "ಎಡಗಡೆ. ಕೆಳಗೆ."

ಆಗ ಅವಳು ನನ್ನ ಕಣ್ಣು ನೋಡಿದಳು. ಹಲ್ಲಲ್ಲ, ಕಣ್ಣು. ಅಷ್ಟು ದಿನದ ಬಾಕಿಯೆಲ್ಲ ಒಂದೇ ಸಲಕ್ಕೆ ತೀರಿಸುವವಳಂತೆ ನೋಡಿದಳು.

"ಓದಿದೆ," ಎಂದೆ. "ಓದೋದು ನನ್ನ ಕೆಲಸ ಅಲ್ವಾ?"

ಚೀಲ ಎತ್ತಿಕೊಂಡಳು. ಅದು ಭಾರವಾಗಿತ್ತು. "ನಿಮ್ಮ ಅಚ್ಚು ಇದರಲ್ಲಿದೆ. ಬಟ್ಟೆ ಸುತ್ತಿ ಇಟ್ಟಿದೀನಿ. ಮುರಿದ ಮೂಲೆ ಸರಿ ಮಾಡೋಣ ಅಂತ ಎಷ್ಟೋ ಸಲ ಕೂತೆ. ಮನಸ್ಸು ಬರ್ಲಿಲ್ಲ. ಹಾಗೇ ಇರ್ಲಿ ಅನಿಸ್ತು." ಬಾಗಿಲವರೆಗೆ ಹೋಗಿ ನಿಂತಳು. "ಟೀ ಕಡಿಮೆ ಮಾಡಿ."

ಬರ್ತೀನಿ ಎನ್ನಲಿಲ್ಲ. ಯಾವಾಗಲೂ ಎನ್ನುತ್ತಿದ್ದಳು.

ಹಿರಿಯಾಕೆ ಅಂದು ನಾನು ಕೇಳದೆಯೇ ಟೀ ಮಾಡಿ ತಂದಿಟ್ಟರು. ಅದು ಆರಿಹೋಯಿತು.

*

ಆಮೇಲೆ ಚಳಿ ಬಂದು ಹೋಯಿತು. ಕೆಟ್ಟ ಅಕ್ಷರದ ಕಾಗದಗಳು ಎಂದಿನಂತೆ ಬರುತ್ತಲೇ ಇದ್ದವು. ಈ ದೇಶದಲ್ಲಿ ಚೆನ್ನಾಗಿ ಬರೆಯುವವರು ನನ್ನ ಕೈಗೆ ಸಿಗುವುದೇ ಇಲ್ಲ, ಅದು ನನ್ನ ಕೆಲಸದ ನೋವು.

ಒಂದು ಬೆಳಿಗ್ಗೆ ಹಿರಿಯಾಕೆ ಒಂದೇ ಒಂದು ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು ತಂದರು. "ಡಾಕ್ಟರ್, ಯಂತ್ರ ಇದನ್ನ ಮೂರು ಸಲ ಉಗುಳಿದೆ. ದೇಶ ಇದೆ, ನಮ್ಮ ಕಚೇರಿ ಇದೆ. ಮೇಲಿನದು ಯಾರಿಗೂ ಅರ್ಥ ಆಗ್ತಿಲ್ಲ. ಹೂವಿನ ಹಾರದ ಥರ ಇದೆ."

ಗೆರೆ ಹಾಕಿ ಬರೆದಂಥ ಅಕ್ಷರ. ಯಂತ್ರ ಓದಲಾರದ ಕಾಗದ ಎಲ್ಲಿಗೆ ಬರುತ್ತದೆಂದು ಅವಳಿಗೆ ಗೊತ್ತು. ಇಡೀ ದೇಶದಲ್ಲಿ ಒಂದೇ ಮೇಜಿಗೆ ತಪ್ಪದೆ ತಲುಪುವ ದಾರಿ ಅದು.

ಒಳಗೆ ಒಂದು ಹಾಳೆ. 'ಸೇತುವೆ ಮುಗಿಯಿತು. ಈಗ ಇನ್ನೊಂದು ಶುರುವಾಗಿದೆ, ಇನ್ನೂ ದೂರದಲ್ಲಿ. ಜೀಪಿನವನನ್ನು ಈಗ ನಾನೂ ಬೈಯುತ್ತೇನೆ. ಅಚ್ಚು ಕಿಟಕಿಯ ಮೇಲಿದೆ. ಇವರು ಯಾರದು ಎಂದು ಕೇಳಿದರು. ನಿಮ್ಮ ಕಾಗದ ತಲುಪಿಸಿದವರದು ಎಂದೆ. ಹಾಗಾದರೆ ಧೂಳು ಬೀಳದ ಹಾಗೆ ಇಡು ಎಂದರು.'

ಅಷ್ಟೇ. ಕೆಳಗೆ ಹೆಸರಿಲ್ಲ.

"ಏನಂತೆ?" ಎಂದರು ಹಿರಿಯಾಕೆ. "ಯಾರಿಗೆ ಬಂದಿದ್ದು?"

ಲಕೋಟೆಯ ಮೇಲಿದ್ದುದನ್ನು ಕನ್ನಡದಲ್ಲೇ ಓದಿ ಹೇಳಿದೆ. "ಅಂಚೆಯವರಿಗೆ."

ಅಣ್ಣ ಇರಲಿಲ್ಲ.

"ಹಿಂದೆ ನೋಡಿ, ಕಳಿಸಿದವರ ವಿಳಾಸ ಇರಬೇಕು."

ತಿರುಗಿಸಿದೆ. ಮುಚ್ಚಳ ಖಾಲಿಯಿತ್ತು. ಎಡಗಡೆ ನೋಡಿದೆ. ಕೆಳಮೂಲೆ ನೋಡಿದೆ. ಅಲ್ಲೂ ಇಂದ ಇರಲಿಲ್ಲ.

"ಬರೆದಿಲ್ಲ," ಎಂದೆ.

"ಅಯ್ಯೋ, ಹಾಗಾದ್ರೆ ಇದನ್ನ ವಾಪಸ್ ಕಳಿಸೋಕೂ ಆಗಲ್ಲವಲ್ಲ."

"ಇಲ್ಲ," ಎಂದೆ. "ವಾಪಸ್ ಹೋಗಲ್ಲ."